ಪಕ್ಕಾ ಬಾವಿ

ಪ್ರತಿಯೊಂದು ಕೆಲಸವನ್ನೂ ಸರಿಯಾಗಿಯೇ ಮಾಡಿ ಮುಗಿಸುತ್ತೇನೆಂದು ಹಟ ಹಿಡಿದ ಮನುಷ್ಯನಿಗೆ ಎಂಥ ಗತಿ ಬರುತ್ತದೆ ಎಂಬುದಕ್ಕೆ ನಮ್ಮ ಪಕ್ಕಾನಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಸಿಕ್ಕರೂ ಬೇಡ, ಒಬ್ಬನ ಗೋಳೇ ಸಾಕು.

ಪಕ್ಕಾ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬ್ಯಾಂಕಿನಲ್ಲಿ ಚೆಕ್ಕಿನ ಮೇಲಿನ ಸಹಿಯನ್ನು ಹಳೆಯ ಸಹಿಯ ಪಕ್ಕ ಇಟ್ಟು ಹೋಲಿಸಿ ನೋಡುವುದು ಅವನ ಕೆಲಸ. ಹೋಲಿಸಿ ಹೋಲಿಸಿ ಅವನ ಸ್ವಭಾವವೇ ಹಾಗಾಗಿಬಿಟ್ಟಿತ್ತು. ಯಾರಾದರೂ “ಇವತ್ತು ಸೆಕೆ ಜಾಸ್ತಿ” ಎಂದರೆ “ಪಕ್ಕಾನಾ?” ಎಂದು ಕೇಳುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿ “ನೀವಂದ್ರೆ ನಂಗಿಷ್ಟ” ಎಂದಾಗಲೂ ಅದನ್ನೇ ಕೇಳಿದನಂತೆ. ಆಕೆ ಆ ಮಾತನ್ನು ಎರಡನೇ ಸಲ ಹೇಳಿದ ದಾಖಲೆಯಿಲ್ಲ. ಬೀದಿಯವರೆಲ್ಲ ಸೇರಿ ಅವನಿಗೆ ಅದೇ ಹೆಸರನ್ನು ಖಾಯಂ ಮಾಡಿದರು.

ಈ ಪಕ್ಕಾನ ಮನೆಯಲ್ಲಿ ಎಲ್ಲವೂ ಇತ್ತು, ನೀರೊಂದು ಬಿಟ್ಟು. ಅಡುಗೆಮನೆಯ ನಲ್ಲಿ ತಿರುಗಿಸಿದರೆ ಅದು ಮೊದಲು ಕೆಮ್ಮುತ್ತಿತ್ತು, ಆಮೇಲೆ ಗಂಟಲು ಸರಿಮಾಡಿಕೊಳ್ಳುತ್ತಿತ್ತು, ಆಮೇಲೆ ಸುಮ್ಮನಾಗುತ್ತಿತ್ತು. ಹೆಂಡತಿ ಟ್ಯಾಂಕರ್ ಹಿಂದೆ ಬಿಂದಿಗೆ ಹಿಡಿದು ಓಡಿ ಓಡಿ ಸೊಂಟ ಹಿಡಿಸಿಕೊಂಡಿದ್ದಳು.

“ನಂಗೆ ಬಂಗಾರ ಬೇಡ, ಸೀರೆ ಬೇಡ,” ಎಂದು ಒಂದು ದಿನ ಬಿಂದಿಗೆಯನ್ನು ನೆಲಕ್ಕೆ ಕುಕ್ಕಿ ಹೇಳಿದಳು. “ನಲ್ಲಿ ತಿರುಗಿಸಿದ್ರೆ ನೀರು ಬರೋ ಮನೇಲಿ ಸಾಯೋದ್ರೊಳಗೆ ಒಂದಷ್ಟು ದಿನ ಇರ್ಬೇಕು. ಅಷ್ಟೇ.”

“ಬೋರ್ ಹೊಡೆಸ್ತೀನಿ,” ಎಂದ ಪಕ್ಕಾ.

ಬೀದಿಯಲ್ಲಿ ಬೋರ್ ಹೊಡೆಸಿದವರು ಇರಲಿಲ್ಲವೆಂದಲ್ಲ. ಆದರೆ ಅವರೆಲ್ಲ ಅನುಮತಿ ಗಿನುಮತಿ ಎಂದು ತಲೆ ಕೆಡಿಸಿಕೊಳ್ಳದೆ, ಯಾವುದೋ ಲಾರಿ ಕರೆಸಿ ಕೊರೆಸಿ, ಕಚೇರಿಯವರು ಬಂದರೆ ಹೂಕುಂಡ ಅಡ್ಡ ಇಟ್ಟು ನಿಂತವರು. ಪಕ್ಕಾನಿಗೆ ಅದು ಆಗದು. ನೀರಿನ ಕಚೇರಿಯ ಅನುಮತಿ ಬೇಕು, ಕೊರೆಯುವವನಿಗೆ ಲೈಸೆನ್ಸ್ ಬೇಕು, ಲೈಸೆನ್ಸಿನ ಮೇಲಿನ ಸಹಿ ಸಾಚಾ ಆಗಿರಬೇಕು. ಕಂಟ್ರಾಕ್ಟರನ ಲೈಸೆನ್ಸನ್ನು ಅವನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದನ್ನು ಕಂಡು ಆ ಕಂಟ್ರಾಕ್ಟರ್, ತನ್ನದು ನಕಲಿಯೇನೋ ಎಂದು ತಾನೇ ಒಂದು ಗಳಿಗೆ ಬೆವೆತುಹೋದ.

“ಸ್ವಂತ ಮನೆ, ಸ್ವಂತ ಬಾವಿ,” ಎಂದು ಪಕ್ಕಾ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಸಾರಿದ. “ಇನ್ಮೇಲೆ ಯಾರ ಹಂಗೂ ಬೇಡ ನಮಗೆ!”

ಹೆಂಡತಿ ಪಕ್ಕದಲ್ಲೇ ನಿಂತಿದ್ದಳು, ಅಷ್ಟು ಗಟ್ಟಿಯಾಗಿ ಹೇಳುವ ಅಗತ್ಯವಿರಲಿಲ್ಲ. ಮಾತು ಹೋಗಬೇಕಾಗಿದ್ದದ್ದು ಕಾಂಪೌಂಡ್ ಗೋಡೆಯ ಆಚೆಗೆ. ಆಚೆ ಇದ್ದವನು ಆಕೆಯ ಅಣ್ಣ, ನಿವೃತ್ತ ಬಸ್ ಕಂಡಕ್ಟರ್. ಹೆಂಡತಿ ತೀರಿಕೊಂಡ ಒಂಟಿ ಮನುಷ್ಯ. ಇವನು ಅವನನ್ನು ಭಾವ ಎನ್ನುತ್ತಿದ್ದ, ಅವನೂ ಇವನನ್ನು ಭಾವ ಎನ್ನುತ್ತಿದ್ದ. ಗೋಡೆ ಕಟ್ಟುವ ಕಾಲದಲ್ಲಿ ಅದು ಅವನ ಕಡೆಗೆ ಗೇಣು ಸರಿಯಿತೋ ಇವನ ಕಡೆಗೆ ಗೇಣು ಸರಿಯಿತೋ ಎಂದು ಜಗಳ ಹತ್ತಿ, ಪಕ್ಕಾ ಟೇಪು ಹಿಡಿದು ಅಳೆದದ್ದೇ ಅಳೆದದ್ದು. ಗೋಡೆ ನಿಂತಿತು, ಮಾತು ಬಿದ್ದುಹೋಯಿತು. ಅಣ್ಣ ತಂಗಿ ಗೋಡೆಯ ಆಚೀಚೆ ಬಟ್ಟೆ ಒಣಗಿಸುತ್ತ, ಒಬ್ಬರ ಕೆಮ್ಮು ಒಬ್ಬರು ಕೇಳಿಸಿಕೊಂಡು ವರ್ಷಗಳನ್ನು ಕಳೆದರು.

ಪಕ್ಕಾ ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಎದುರು ನಿಂತ.

“ನಾಳೆ ಒಂದು ದಿನ ರಜೆ ಬೇಕಾಗಿತ್ತು ಸಾರ್. ಮನೇಲಿ ಬೋರ್ ಹೊಡೆಸ್ತಾ ಇದೀನಿ.”

ಮ್ಯಾನೇಜರ್ ಕನ್ನಡಕ ಮೇಲೇರಿಸಿ ಅವನನ್ನು ಕರುಣೆಯಿಂದ ನೋಡಿದರು. “ಮನೇಲೂನಾ?” ಎಂದರು.

ರಜೆಯೇನೋ ಸಿಕ್ಕಿತು. ಮರುದಿನ ಬೆಳಿಗ್ಗೆ, ಲಾರಿ ಬರುವುದರೊಳಗೆ ಅನುಮತಿ ಪತ್ರಕ್ಕೆ ಕೊನೆಯ ಮೊಹರು ಹಾಕಿಸಿಕೊಂಡು ಬಂದುಬಿಡೋಣವೆಂದು ಪಕ್ಕಾ ನೀರಿನ ಕಚೇರಿಗೆ ಓಡಿದ. ಮೊಹರಿಲ್ಲದೆ ಕೊರೆದರೂ ನೀರು ಬರುತ್ತಿತ್ತು. ಆದರೆ ಅಂಥ ನೀರು ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೊಹರಿನ ಗುಮಾಸ್ತ ಟೀಗೆ ಹೋಗಿದ್ದ. ಟೀಯಿಂದ ಬಂದವನು ಮೊಹರು ಹುಡುಕಿದ. ಮೊಹರು ಸಿಕ್ಕಿದಾಗ ಶಾಯಿ ಒಣಗಿತ್ತು.

ಇತ್ತ ರಿಗ್ಗು ಲಾರಿ ಹೊತ್ತಿಗೆ ಮುಂಚೆಯೇ ಬೀದಿಯೊಳಗೆ ನುಗ್ಗಿತು. ಮನೆಯಷ್ಟು ಎತ್ತರದ ಆ ಯಂತ್ರ ಬರುತ್ತಲೇ ಕಿಟಕಿಗಳು ಗಡಗಡ ನಡುಗಿದವು, ಇಸ್ತ್ರಿ ಅಂಗಡಿಯವನ ಪೆಟ್ಟಿಗೆಯ ಕೆಳಗಿದ್ದ ಅಂಗಿ ಅಲ್ಲೇ ಸುಟ್ಟುಹೋಯಿತು. ಡ್ರೈವರ್ ಪಕ್ಕಾನ ಗೇಟಿನ ಎದುರಿಗೇ ನಿಲ್ಲಿಸಿ, ಇಂಜಿನ್ ಆರಿಸದೆ, ಕಂಟ್ರಾಕ್ಟರನಿಗೆ ಫೋನ್ ಮಾಡಿದ. ಈ ಕಂಟ್ರಾಕ್ಟರ್ ತನ್ನ ಕೆಲಸಗಳಿಗೆಲ್ಲ ಗಿರಾಕಿಯ ಅಡ್ಡಹೆಸರು ಇಟ್ಟುಕೊಳ್ಳುತ್ತಿದ್ದ: ಡಾಕ್ಟರ್ ಸೈಟು, ಬೋಳುತಲೆ ಸೈಟು, ಹಾಗೆಯೇ ಇದು ಪಕ್ಕಾ ಸೈಟು.

“ಸಾರ್, ನೀಲಿ ಗೇಟಿನ ಮುಂದೆ ಇದೀನಿ. ಇದೇನಾ?”

“ಪಕ್ಕಾ ಸೈಟು ಕಣೋ!”

“ಯಾವ್ದು? ಪಕ್ಕದ್ ಸೈಟಾ?”

“ಹೂಂ ಕಣೋ! ಪಕ್ಕಾ ಸೈಟು, ಪಕ್ಕಾ ಸೈಟು! ಎಷ್ಟು ಸಲ ಬಡ್ಕೊಳ್ಳೋದು?”

ಅಷ್ಟು ದೊಡ್ಡ ಯಂತ್ರದ ಸದ್ದಿನಲ್ಲಿ ಒಂದು ದೀರ್ಘ ಎಲ್ಲಿ ಬಿದ್ದುಹೋಯಿತೋ ಯಾರು ನೋಡಿದರು? ಶಾಲೆಯಲ್ಲಿ ಹ್ರಸ್ವ ದೀರ್ಘಕ್ಕೆಂದು ಮೇಷ್ಟರು ನಮ್ಮ ಕಿವಿ ಹಿಂಡುತ್ತಿದ್ದದ್ದು ಸುಮ್ಮನೆ ಅಲ್ಲ. ಡ್ರೈವರ್ ಲಾರಿಯನ್ನು ಪಕ್ಕದ ಸೈಟಿಗೆ ತಿರುಗಿಸಿದ.

ಕಂಡಕ್ಟರ್ ಭಾವ ಆಗ ಜಗಲಿಯಲ್ಲಿ ಕುಳಿತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ದೊಡ್ಡ ಗಾಡಿಯೊಂದು ತನ್ನ ಕಡೆಗೆ ಹಿಂದೆ ಹಿಂದೆ ಬರುವುದನ್ನು ಕಂಡದ್ದೇ ತಡ, ಜನ್ಮದ ಅಭ್ಯಾಸ ಮೈಮೇಲೆ ಬಂತು. ಜೇಬಿನಿಂದ ಸೀಟಿ ತೆಗೆದು ಅಂಗಳಕ್ಕೆ ಹಾರಿದ. “ಬರ್ಲಿ, ಬರ್ಲಿ, ಎಡಕ್ಕೆ ಕುಯ್ಯಿ, ಬರ್ಲಿ... ಹೋಲ್ಡಾನ್!” ಲಾರಿ ಅವನ ಗುಲಾಬಿ ಗಿಡಗಳನ್ನು ಸವರಿಕೊಂಡು ಅಂಗಳದ ನಟ್ಟನಡುವೆ ಬಂದು ನಿಂತ ಮೇಲೆ, ಇದು ಇಲ್ಲಿಗೆ ಯಾಕೆ ಬಂತು ಎಂಬ ಪ್ರಶ್ನೆ ಅವನಿಗೆ ಹೊಳೆಯಿತು.

“ಏನಪ್ಪಾ ಇದು?”

“ಬೋರ್ ಹೊಡಿಯಕ್ಕೆ ಸಾರ್.”

“ನಮ್ಮನೆಗಾ? ಯಾರು ಹೇಳಿದ್ದು?”

ಡ್ರೈವರ್ ಚೀಟಿ ತೆಗೆದು ಪಕ್ಕಾನ ಹೆಸರನ್ನು ಓದಿದ. “ಎಲ್ಲಾ ಅವರೇ ಕಟ್ಟಿದಾರೆ ಸಾರ್. ನೀವು ಜಾಗ ತೋರ್ಸಿದ್ರೆ ಸಾಕು.”

ಕಂಡಕ್ಟರ್ ಭಾವನ ಕೈಯಿಂದ ಸೀಟಿ ಜಾರಿ ಬಿತ್ತು. ಅವನು ಗೋಡೆಯ ಕಡೆ ನೋಡಿದ, ಲಾರಿಯ ಕಡೆ ನೋಡಿದ, ಆಮೇಲೆ ಮುಖ ಮುಚ್ಚಿಕೊಂಡು ಗೊಳೋ ಎಂದು ಅಳಲು ಶುರುಮಾಡಿದ. ಟಿಕೆಟ್ ಇಲ್ಲದವರನ್ನು ಕಾಡಿನ ನಡುವೆ ಇಳಿಸಿಹೋದ ಕಟುಕ ಮನುಷ್ಯ ಅಳುವುದನ್ನು ನೋಡಲು ಬೀದಿಯೇ ನೆರೆಯಿತು.

“ತಂಗೀ!” ಎಂದು ಗೋಡೆಯ ಮೇಲಿಂದ ಕೂಗಿದ. “ಏ ತಂಗೀ! ಬಾರೇ ಇಲ್ಲಿ! ಭಾವ ಏನ್ ಮಾಡಿದಾರೆ ನೋಡೇ!”

ಅಷ್ಟು ವರ್ಷಗಳ ಮೇಲೆ ಅಣ್ಣನ ಬಾಯಲ್ಲಿ ಆ ಕರೆ ಕೇಳಿ ಆಕೆ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಗೇಟಿನಿಂದ ಸುತ್ತಿ ಬರುವಷ್ಟು ತಾಳ್ಮೆ ಇಲ್ಲದೆ ಬಕೆಟ್ ಬೋರಲು ಹಾಕಿ, ಹಿಡಿಸಿಕೊಂಡ ಸೊಂಟವನ್ನೂ ಮರೆತು, ಗೋಡೆ ಹತ್ತಿ ಧುಮುಕಿದಳು.

ಪಕ್ಕಾ ಮೊಹರು ಒತ್ತಿಸಿಕೊಂಡು, ಅದು ಒಣಗಲೆಂದು ಪತ್ರವನ್ನು ಗಾಳಿಗೆ ಹಿಡಿದುಕೊಂಡು, ಬೀದಿಯ ತಿರುವಿಗೆ ಬಂದಾಗ ಮಧ್ಯಾಹ್ನವಾಗಿತ್ತು. ಎದುರಿಗೆ ಬಂದ ಇಸ್ತ್ರಿ ಅಂಗಡಿಯವನು ಅವನ ಎರಡೂ ಕೈ ಹಿಡಿದುಕೊಂಡ.

“ನೀರು ಬಿತ್ತು ಸಾರ್! ಮೂರಿಂಚು!”

“ಪಕ್ಕಾನಾ?” ಎಂದ ಪಕ್ಕಾ, ಎದೆ ಹಿಗ್ಗಿ. ತಾನಿಲ್ಲದೆಯೇ ಶುರು ಮಾಡಿದರೇ ಎಂದು ಕೊಂಚ ಸಿಟ್ಟೂ ಬಂತು. ಆದರೆ ಮೂರಿಂಚು ಎಂದರೆ ಸಾಮಾನ್ಯವಲ್ಲ, ಕೊಳವೆ ತುಂಬಿ ಉಕ್ಕುವ ನೀರು. ಹೆಂಡತಿ ನಲ್ಲಿ ತಿರುಗಿಸುವ ಚಿತ್ರ ಕಣ್ಣ ಮುಂದೆ ಬಂತು. ಓಡಿದ. ಮನೆಯ ಮುಂದೆ ಬಂದು ನೋಡಿದರೆ ಅಂಗಳ ಬೆಳಿಗ್ಗೆ ಗುಡಿಸಿಟ್ಟ ಹಾಗೆಯೇ ಇದೆ. ಕಂಟ್ರಾಕ್ಟರ್ ಗುರುತು ಮಾಡಿ ನೆಟ್ಟುಹೋದ ಗೂಟ ನೆಟ್ಟಗೆ ನಿಂತಿದೆ. ಗೋಡೆಯ ಆಚೆ ಆಕಾಶಕ್ಕೆ ಕಾರಂಜಿ ಏಳುತ್ತಿದೆ.

ಪಕ್ಕಾ ಬಾಯಿ ತೆರೆದ. ‘ಅಯ್ಯೋ, ಅದು ನನ್ನದು!’ ಎಂಬ ಮಾತು ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಕೆಸರಿನಲ್ಲಿ ತೊಯ್ದ ಕಂಡಕ್ಟರ್ ಭಾವ ಓಡಿಬಂದು ಅವನನ್ನು ಅಪ್ಪಿ ಮೇಲಕ್ಕೆತ್ತಿಬಿಟ್ಟ.

“ಭಾವ! ನಾನು ಪಾಪಿ ಭಾವ! ನಿಮ್ಮನ್ನ ಜುಗ್ಗ ಅಂದಿದ್ದೆ, ಗೇಣು ಜಾಗಕ್ಕೆ ಪ್ರಾಣ ಬಿಡೋನು ಅಂದಿದ್ದೆ. ಯಾರಿಗೆಲ್ಲ ಹೇಳ್ಕೊಂಡು ಬಂದಿದ್ನೋ ಅವರಿಗೆಲ್ಲ ಈಗ ಫೋನ್ ಮಾಡಿ ವಾಪಸ್ ತಗೊಂಡಿದೀನಿ!”

“ಭಾವ, ಅದು... ಒಂದು ಸಣ್ಣ...”

“ಸಣ್ಣದಾ? ಇದು ಸಣ್ಣದಾ?” ಭಾವ ಅವನನ್ನು ಕೆಳಗಿಳಿಸಿ ಬೀದಿಯವರ ಕಡೆ ತಿರುಗಿದ. “ನೋಡ್ರಪ್ಪಾ, ಇಂಥದ್ದನ್ನ ಸಣ್ಣದು ಅಂತಾರೆ!”

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಗಂಡನನ್ನು ನೋಡುತ್ತಿದ್ದಳು. ಆ ನೋಟವನ್ನು ಪಕ್ಕಾ ಮದುವೆಯಾದ ಹೊಸದರಲ್ಲಿ ಒಂದೇ ಒಂದು ಸಲ ಕಂಡಿದ್ದ, ಪ್ರಶ್ನೆ ಕೇಳಿ ಹಾಳು ಮಾಡಿಕೊಂಡಿದ್ದ. ಈ ಸಲ ಬಾಯಿ ಮುಚ್ಚಿಕೊಂಡ. ಅವನ ಜೀವನದ ಮಹಾ ತಪ್ಪು ಅದೇ.

“ಹಾಗಾದ್ರೆ ನಿಮ್ಮ ಮನೆಗೆ?” ಎಂದು ಭಾವ ಕೇಳಿದ. “ಒಂದು ಪೈಪು ಗೋಡೆ ಮೇಲಿಂದ ಎಳೆದುಬಿಡ್ತೀನಿ, ಈಗ್ಲೇ.”

ದೇವರು ಬಾಗಿಲು ತೆರೆದು ಒಳಗೆ ಕರೆದದ್ದು ಅದೇ ಗಳಿಗೆ. ಹೂಂ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬೀದಿಯೆಲ್ಲ ಕೈಕಟ್ಟಿ ನಿಂತು ನೋಡುವಾಗ ದೊಡ್ಡ ಮನುಷ್ಯನಾಗುವ ಸುಖವನ್ನು ಪಕ್ಕಾ ಹಿಂದೆ ಎಂದೂ ಉಂಡಿರಲಿಲ್ಲ.

“ಛೆ ಛೆ,” ಎಂದುಬಿಟ್ಟ. “ಕೊಟ್ಟ ಮೇಲೆ ವಾಪಸ್ ತಗೊಳ್ಳೋದಾ? ನಮ್ಮದು ಬೇರೆ ಬರುತ್ತೆ.”

ಬೀದಿ ಚಪ್ಪಾಳೆ ತಟ್ಟಿತು.

ಅಂದಿನಿಂದ ಶುರುವಾಯಿತು ಅವನ ವನವಾಸ. ಭಾವನ ಮನೆಯಲ್ಲಿ ಮೋಟರ್ ಇಳಿಯಿತು, ಟ್ಯಾಂಕು ತುಂಬಿ ಚೆಲ್ಲಿತು, ಚೆಲ್ಲಿದ ನೀರು ಗೋಡೆಯ ಬುಡದಲ್ಲಿ ಇಂಗಿತು. ಈಚೆ ಪಕ್ಕಾನ ನಲ್ಲಿ ಎಂದಿನಂತೆ ಗಂಟಲು ಸರಿಮಾಡಿಕೊಂಡು ಸುಮ್ಮನಾಗುತ್ತಿತ್ತು. ಹೆಂಡತಿ “ಅಣ್ಣನ ಮನೆಯಿಂದ ಒಂದು ಬಿಂದಿಗೆ ತರ್ಲಾ?” ಎಂದರೆ ಇವನು ಕೊಟ್ಟ ಮಾತಿಗೆ ಕಟ್ಟುಬಿದ್ದು ಬೇಡವೆನ್ನುತ್ತಿದ್ದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬ್ಯಾಂಕಿಗೆ ಹೋಗಿ, ಕೈ ತೊಳೆಯುವ ಬೇಸಿನ್ನಿನಲ್ಲಿ ತುಂಡು ತುಂಡಾಗಿ ಸ್ನಾನ ಮಾಡುತ್ತಿದ್ದ. ಸೋಮವಾರ ತಲೆ, ಮಂಗಳವಾರ ಕೈ. ಒಂದು ದಿನ ಕಾಲು ಮೇಲಿಟ್ಟುಕೊಂಡು ತೊಳೆಯುವಾಗ ಮ್ಯಾನೇಜರ್ ಬಾಗಿಲು ತೆರೆದರು, ನೋಡಿದರು, ಬಾಗಿಲು ಹಾಕಿಕೊಂಡು ಹೋದರು.

“ನಿಜ ಹೇಳ್ಬೇಕು ಅಂದ್ರೆ,” ಎಂದು ಒಂದು ಸಂಜೆ ಹೆಂಡತಿಯ ಎದುರು ಶುರುಮಾಡಿದ, “ಆ ಬಾವಿ ನಾನು ಕೊಟ್ಟದ್ದಲ್ಲ ಕಣೇ.”

“ಗೊತ್ತು ಬಿಡಿ,” ಎಂದಳು ಆಕೆ, ಅವನ ತಟ್ಟೆಗೆ ಇನ್ನಷ್ಟು ಬಡಿಸುತ್ತ. “ಮಾಡಿದ್ದನ್ನ ಹೇಳ್ಕೊಳ್ಳೋದು ನಿಮಗೆ ಆಗಲ್ಲ. ಅಣ್ಣ ನಿನ್ನೆ ನನ್ನ ಚಿಕ್ಕವಳಾಗಿದ್ದಾಗಿನ ಹೆಸರು ಹಿಡಿದು ಕರೆದ. ನೀವು ಇನ್ನೇನೂ ಹೇಳ್ಬೇಡಿ.”

ಅವನಿಗೆ ಊಟ ಗಂಟಲಲ್ಲಿ ಇಳಿಯಲಿಲ್ಲ. ಇಳಿಸಿಕೊಳ್ಳಲು ನೀರೂ ಇರಲಿಲ್ಲ.

ಕೊನೆಗೆ ಕಂಟ್ರಾಕ್ಟರನ ಕೊರಳಪಟ್ಟಿ ಹಿಡಿಯಲು ಹೋದ. ಕಂಟ್ರಾಕ್ಟರ್ ತಣ್ಣಗೆ ಕುರ್ಚಿ ತೋರಿಸಿದ.

“ನೀರು ಬಂತೋ ಇಲ್ವೋ ಸಾರ್?”

“ಬಂತು. ಆದರೆ ಪಕ್ಕದ ಮನೆಗೆ!”

“ಅದೇ ನಾನೂ ಹೇಳಿದ್ದು, ಪಕ್ಕಾ ಮನೆಗೆ.”

“ಅಯ್ಯೋ, ಪಕ್ಕಾ ನಾನು ಕಣಯ್ಯಾ!”

“ಮತ್ತೆ ನೀವು ಪಕ್ಕಾ ಅಂದ ಮೇಲೆ ಸರಿಯಾಯ್ತಲ್ಲ ಸಾರ್?”

ಹೀಗೆ ಮಾತು ಗಾಣದೆತ್ತಿನಂತೆ ಸುತ್ತಿ ಸುತ್ತಿ, ಇಬ್ಬರಿಗೂ ತಲೆ ತಿರುಗಿದ ಮೇಲೆ ವಿಷಯ ತಿಳಿಯಾಯಿತು. ಆಗ ಕಂಟ್ರಾಕ್ಟರನ ಮುಖ ಬಿಳುಚಿಕೊಂಡಿತು. ಇನ್ನೊಂದು ಬಾವಿ ಕೊರೆಯುವಂತಿಲ್ಲ, ಯಾಕೆಂದರೆ ಇರುವ ಬಾವಿಯ ಹತ್ತಿರ ಇನ್ನೊಂದಕ್ಕೆ ಕಚೇರಿ ಅನುಮತಿ ಕೊಡದು. ತಪ್ಪು ಜಾಗದಲ್ಲಿ ಕೊರೆದದ್ದು ಗೊತ್ತಾದರೆ ಅವನ ಲೈಸೆನ್ಸು ಹೋಗುತ್ತದೆ. “ದಮ್ಮಯ್ಯ, ಕಚೇರಿ ಕಡೆ ಮಾತ್ರ ಹೋಗ್ಬೇಡಿ ಸಾರ್,” ಎಂದು ಕೈ ಮುಗಿದ.

ಹೋಗಬೇಡ ಎಂದ ಮೇಲೆ ಹೋಗದಿದ್ದರೆ ಅವನು ಪಕ್ಕಾ ಹೇಗಾದಾನು? ಅಲ್ಲಿಂದ ನೇರ ನೀರಿನ ಕಚೇರಿಗೆ ಹೋಗಿ, ತನ್ನ ಗುರುತು ಬಿಟ್ಟುಕೊಡದ ಹಾಗೆ ಬಹಳ ಜಾಣತನದಿಂದ ವಿಚಾರಿಸಿದ: “ಸಾರ್, ನಮ್ಮ ಸ್ನೇಹಿತರೊಬ್ಬರು. ಅವರು ಅರ್ಜಿ ಕೊಟ್ಟದ್ದು ಒಂದು ಜಾಗಕ್ಕೆ, ಬಾವಿ ಕೊರೆದದ್ದು ಇನ್ನೊಂದು ಜಾಗದಲ್ಲಿ. ಏನಾಗುತ್ತೆ?”

ಅಲ್ಲಿದ್ದ ಸಾಹೇಬರು ಮೆಲ್ಲಗೆ ಮಾತಾಡುವ, ತೆಳ್ಳಗಿನ ಮನುಷ್ಯ. “ಬಾವಿ ಮುಚ್ಚಿಸ್ತೀವಿ,” ಎಂದು ನಗುತ್ತಲೇ ಹೇಳಿ, ಪಕ್ಕಾನ ಕೈಯಲ್ಲಿದ್ದ ಅನುಮತಿ ಪತ್ರದ ಮೇಲಿನ ವಿಳಾಸವನ್ನು ಬರೆದುಕೊಂಡರು.

ಮರುದಿನ ಬೆಳಿಗ್ಗೆಯೇ ಜೀಪು ಬಂತು. ಸಾಹೇಬರು ಕೊಡೆ ಊರಿಕೊಂಡು ಇಳಿದರು. ಹಿಂದೆಯೇ ಸಿಮೆಂಟಿನ ಮೂಟೆ ಹೊತ್ತ ಇಬ್ಬರು ಇಳಿದರು. ಬೀದಿ ಮತ್ತೆ ನೆರೆಯಿತು.

“ಅರ್ಜಿದಾರರು?”

“ನಾನು ಸಾರ್,” ಎಂದ ಪಕ್ಕಾ.

“ಮನೆ?”

“ಇದು.”

“ಬಾವಿ?”

ಪಕ್ಕಾ ಬೆರಳೆತ್ತಿ ಗೋಡೆಯ ಆಚೆ ತೋರಿಸಿದ. ಸಾಹೇಬರು ಮೂಟೆ ಹೊತ್ತವರಿಗೆ ಸನ್ನೆ ಮಾಡಿದರು.

ಕಂಡಕ್ಟರ್ ಭಾವ ಬಾವಿಯ ಮುಂದೆ ಎರಡೂ ಕೈ ಚಾಚಿ ನಿಂತ. “ಹೋಲ್ಡಾನ್! ಯಾರೂ ಮುಂದೆ ಬರ್ಬಾರ್ದು! ಇದು ನಮ್ಮ ಭಾವ ಪ್ರೀತಿಯಿಂದ ಕೊಟ್ಟದ್ದು. ಭಾವ, ಹೇಳಿ ಅವರಿಗೆ!”

ಎಲ್ಲರ ಕಣ್ಣೂ ಪಕ್ಕಾನ ಮೇಲೆ ಬಿತ್ತು. ನಿಜ ಹೇಳಿದರೆ ಬಾವಿ ಮುಚ್ಚಿಹೋಗುತ್ತದೆ, ಅದರ ಜೊತೆ ಹೆಂಡತಿಯ ಆ ನೋಟವೂ ಮುಚ್ಚಿಹೋಗುತ್ತದೆ. ಸುಮ್ಮನಿದ್ದರೂ ಬಾವಿ ಮುಚ್ಚಿಹೋಗುತ್ತದೆ. ಎಷ್ಟೋ ಸಹಿಗಳನ್ನು ತಿರಸ್ಕರಿಸಿದ ಆ ಮನುಷ್ಯ ಅಂದು ಬದುಕಿನಲ್ಲೇ ಮೊದಲ ಸಲ ಸರ್ಕಾರಿ ದಾಖಲೆಗೇ ಸೇರುವಂಥ ಖೋಟಾ ಮಾತೊಂದನ್ನು ಆಡಿದ.

“ಎರಡೂ ಒಂದೇ ಮನೆ ಸಾರ್,” ಎಂದ.

“ಒಂದೇ ಮನೆ?” ಸಾಹೇಬರು ಕೊಡೆಯ ತುದಿಯಿಂದ ಕಾಂಪೌಂಡನ್ನು ತಟ್ಟಿದರು. “ಹಾಗಾದ್ರೆ ಇದೇನು?”

ಉತ್ತರ ಕೊಟ್ಟದ್ದು ಕಂಡಕ್ಟರ್ ಭಾವ. ಹಿತ್ತಲಿಗೆ ಓಡಿ ಹಾರೆ ತಂದವನೇ ಗೋಡೆಗೆ ಒಂದು ಕೊಟ್ಟ, ಎರಡು ಕೊಟ್ಟ. “ಎಲ್ಲಿದೆ ಗೋಡೆ? ತೋರ್ಸಿ ಸ್ವಾಮಿ, ಎಲ್ಲಿದೆ?” ಎಂದು ಅಬ್ಬರಿಸುತ್ತ, ಇಟ್ಟಿಗೆಗಳನ್ನು ಬೀದಿಗೆ ಹಾರಿಸಿದ. ಇಸ್ತ್ರಿ ಅಂಗಡಿಯವನೂ ಉತ್ಸಾಹದಿಂದ ಕೈ ಜೋಡಿಸಿದ. ಪಕ್ಕಾ ಟೇಪು ಹಿಡಿದು ಅಳೆದು ಅಳೆದು ಕಟ್ಟಿಸಿದ ಗೋಡೆ, ಸಾಹೇಬರು ಒಂದು ಲೋಟ ಟೀ ಕುಡಿದು ಮುಗಿಸುವುದರೊಳಗೆ ನೆಲಸಮವಾಯಿತು. ಧೂಳು ಇಳಿದಾಗ ಅಣ್ಣ ತಂಗಿ ಇಟ್ಟಿಗೆಯ ರಾಶಿಯ ಮೇಲೆ ಅಕ್ಕಪಕ್ಕ ಕುಳಿತು ನಗುತ್ತಿದ್ದರು.

“ಒಳ್ಳೇದು,” ಎಂದರು ಸಾಹೇಬರು, ಪೆನ್ನು ತೆಗೆದು. “ಮನೆ ಒಂದೇ ಅಂದ ಮೇಲೆ ಯಜಮಾನನೂ ಒಬ್ಬನೇ. ಯಾರು ಹಿರಿಯರು?”

“ನಾನೇ,” ಎಂದ ಕಂಡಕ್ಟರ್ ಭಾವ, ಎದೆ ಮುಂದೆ ಮಾಡಿ.

“ಇವರು?” ಪೆನ್ನು ಪಕ್ಕಾನ ಕಡೆ ತಿರುಗಿತು.

“ನಮ್ಮ ತಂಗಿ ಗಂಡ.”

“ಓ,” ಎಂದರು ಸಾಹೇಬರು, ಬರೆಯುತ್ತ. “ಮನೆ ಅಳಿಯ.”

ಬೀದಿಯಲ್ಲಿ ಕಿಸಕ್ಕನೆ ಯಾರೋ ನಕ್ಕರು. ಪಕ್ಕಾನ ಮುಖಕ್ಕೆ ರಕ್ತ ನುಗ್ಗಿತು. ಬೆವರು ಸುರಿಸಿ ಕೂಡಿಟ್ಟದ್ದರಲ್ಲಿ, ಒಂದೊಂದು ಬಾಗಿಲಿಗೂ ಒಂದೊಂದು ಕಿಟಕಿಗೂ ತಾನೇ ಮುಂದೆ ನಿಂತು ಕಟ್ಟಿಸಿದ ಮನೆ ಅದು.

“ಹೌದೇನ್ರೀ?” ಸಾಹೇಬರು ಪೆನ್ನು ಮೇಲೆತ್ತಿ ಕಾದರು. “ಆಮೇಲೆ ಮಾತು ಬದಲಾಯಿಸೋ ಹಾಗಿಲ್ಲ.”

ಸಿಮೆಂಟಿನವರು ಮೂಟೆಯ ಬಾಯಿ ಬಿಚ್ಚಿಕೊಂಡೇ ನಿಂತಿದ್ದರು. ಹೆಂಡತಿ ನಗು ನಿಲ್ಲಿಸಿ ಗಂಡನ ಬಾಯನ್ನೇ ನೋಡುತ್ತಿದ್ದಳು.

“ಹೌದು ಸಾರ್,” ಎಂದ ಪಕ್ಕಾ. “ಮನೆ ಅಳಿಯ.”

ಸಾಹೇಬರು ಬರೆದು, ಅಡಿಗೆರೆ ಎಳೆದು, ಮೊಹರು ಒತ್ತಿದರು. ಈ ಸಲ ಶಾಯಿ ಚೆನ್ನಾಗಿಯೇ ಇತ್ತು.

ಸಂಜೆಯ ಹೊತ್ತಿಗೆ ಪೈಪು ಬಂತು. ಹೆಂಡತಿ ಅಡುಗೆಮನೆಯ ನಲ್ಲಿ ತಿರುಗಿಸಿದಳು. ಅದು ಕೆಮ್ಮಲಿಲ್ಲ. ಧೋ ಎಂದು ಸುರಿದ ನೀರಿಗೆ ಮೊಣಕೈವರೆಗೆ ಕೈಯೊಡ್ಡಿ ಆಕೆ ಚಿಕ್ಕ ಹುಡುಗಿಯಂತೆ ಕೂಗಿದಳು. ತೊಳೆದಿದ್ದ ಪಾತ್ರೆಯನ್ನೆಲ್ಲ ಮತ್ತೆ ತೊಳೆದಳು. ಬಾಗಿಲ ಸಂದಿಯಿಂದ ಅದನ್ನು ನೋಡಿ ಪಕ್ಕಾನಿಗೆ ನಿಜಕ್ಕೂ ಸಂತೋಷವಾಯಿತು. ಅಳುವೂ ಬಂತು. ಯಾವುದು ಎಷ್ಟೆಂದು ಹೋಲಿಸಿ ನೋಡುವ ತ್ರಾಣ ಉಳಿದಿರಲಿಲ್ಲ.

ಅಷ್ಟರಲ್ಲಿ ಕಂಡಕ್ಟರ್ ಭಾವ ತನ್ನ ಕುರ್ಚಿ, ರೇಡಿಯೋ, ಹಾಸಿಗೆಗಳನ್ನು ಗೋಡೆಯಿದ್ದ ಜಾಗದ ಮೇಲಿಂದ ದಾಟಿಸಿ ಈಚೆಯ ಹಜಾರಕ್ಕೆ ತಂದು ಜೋಡಿಸಿಯಾಗಿತ್ತು, ಗಾಳಿ ಇಲ್ಲಿಯೇ ಚೆನ್ನಾಗಿದೆಯೆಂದು. ಪಕ್ಕಾ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಎಷ್ಟೋ ದಿನಗಳ ಮೇಲೆ ಇಡೀ ಮೈಗೆ ಒಟ್ಟಿಗೆ ಸ್ನಾನ ಮಾಡೋಣವೆಂದು ಬಚ್ಚಲಮನೆಗೆ ಹೋದ. ಒಳಗಿಂದ ಹಾಡು ಕೇಳುತ್ತಿತ್ತು. ಬಾಗಿಲ ಹೊರಗೆ ಗೋಡೆಗೊರಗಿ ಕಾದ. ಬಹಳ ಹೊತ್ತಿನ ಮೇಲೆ ಭಾವ ತಲೆ ಒರೆಸಿಕೊಳ್ಳುತ್ತ, ಪಕ್ಕಾನ ಸೋಪಿನ ಘಮ ಬೀರುತ್ತ ಹೊರಗೆ ಬಂದ. ಇವನು ಮುದುಡಿ ನಿಂತಿದ್ದನ್ನು ಕಂಡು ಅವನಿಗೆ ಕರುಳು ಚುರುಕ್ಕೆಂದಿರಬೇಕು, ಒದ್ದೆ ಕೈಯನ್ನು ಹೆಗಲ ಮೇಲಿಟ್ಟ.

“ಯಾಕೆ ಭಾವ, ಹೊರಗೇ ನಿಂತುಬಿಟ್ರಿ?” ಎಂದ, ಬಹಳ ಅಕ್ಕರೆಯಿಂದ. “ಸಂಕೋಚ ಪಟ್ಕೋಬೇಡಿ. ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ.”